ಆಟದ ಬಿಲ್ಲೆಯೋ, ಅಸಲಿ ನಾಣ್ಯವೋ? ಹಳೆಯ ಡಬ್ಬಿಯ ಚಿಲ್ಲರೆ ಗುರುತಿಸುವ ಬಗೆ

ಹುಬ್ಬಳ್ಳಿ: ಅವಳಿ ನಗರದ ಹಳೆಯ ಮನೆಗಳ ದೇವರ ಜಗಲಿಯಲ್ಲಿ, ಅಜ್ಜಿಯರ ಕರಡಿಗೆಯಲ್ಲಿ, ಅಂಗಡಿಕಾರರ ಗಲ್ಲಾಪೆಟ್ಟಿಗೆಯ ತಳದಲ್ಲಿ ಒಂದಿಷ್ಟು ಲೋಹದ ಬಿಲ್ಲೆಗಳು ಸಿಕ್ಕೇ ಸಿಗುತ್ತವೆ. ನಡುವೆ ತೂತಿರುವ ಕಾಸು, ರಾಮ-ಸೀತೆಯರ ಚಿತ್ರವಿರುವ ಹಿತ್ತಾಳೆಯ ತುಂಡು, ಸಂಖ್ಯೆ ಕೊರೆದ ದಪ್ಪ ಬಿಲ್ಲೆ, ತೊಗರಿಕಾಳಿನಷ್ಟೇ ಅಗಲದ ಹಳದಿ ಚಕ್ಕೆ. ಮನೆ ಬದಲಾಯಿಸುವಾಗಲೋ, ಆಸ್ತಿ ಪಾಲಾಗುವಾಗಲೋ ಇವು ಹೊರಬರುತ್ತವೆ. ಇವು ಯಾವ ಕಾಲದವು, ಇವುಗಳಿಗೆ ಬೆಲೆಯುಂಟೇ ಎಂಬ ಪ್ರಶ್ನೆ ಆಗ ಏಳುತ್ತದೆ.

ಈ ಪ್ರಶ್ನೆಗೆ ಜನರು ಎರಡು ತಪ್ಪು ಉತ್ತರಗಳನ್ನು ಕಂಡುಕೊಳ್ಳುವುದು ವಾಡಿಕೆಯಾಗಿದೆ. ಹಿತ್ತಾಳೆಯ ಬಿಲ್ಲೆಗೆ ಲಕ್ಷಾಂತರ ರೂಪಾಯಿ ಬರುತ್ತದೆಂದು ನಂಬಿ ಕೈಯಲ್ಲಿರುವ ಹಣವನ್ನೂ ಕಳೆದುಕೊಳ್ಳುವುದು ಒಂದು. ನಿಜವಾದ ಚಿನ್ನದ ಹಣವನ್ನು ಮಕ್ಕಳ ಆಟಿಕೆ ಎಂದು ತಿಳಿದು ಆಡಲು ಕೊಡುವುದು, ಇಲ್ಲವೇ ಒಡವೆಯ ಚೂರೆಂದು ಕರಗಿಸಲು ಹಾಕುವುದು ಇನ್ನೊಂದು. ಮೊದಲನೆಯದು ಪೊಲೀಸ್ ಠಾಣೆಯವರೆಗೆ ಹೋಗುತ್ತದೆ, ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಎರಡನೆಯದು ಯಾರಿಗೂ ತಿಳಿಯದೆ ಮುಗಿದುಹೋಗುತ್ತದೆ.

ಕೊಳ್ಳುವವನು ಹಣ ಕೇಳಿದಾಗ

ವಂಚನೆಯ ವಿಧಾನ ಸರಳವಾದುದು. ಹಳೆಯ ನಾಣ್ಯಕ್ಕೆ ಭಾರಿ ಬೆಲೆ ಕೊಡುವುದಾಗಿ ಮೊಬೈಲ್‌ನಲ್ಲಿ ಜಾಹೀರಾತು ಕಾಣಿಸಿಕೊಳ್ಳುತ್ತದೆ. ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟು, ವೈಷ್ಣೋದೇವಿ ಚಿತ್ರದ ನಾಣ್ಯ, 786 ಸಂಖ್ಯೆಯ ನೋಟು ಇಂಥ ಜಾಹೀರಾತುಗಳ ಖಾಯಂ ಸರಕು. ಚಿತ್ರ ಕಳುಹಿಸಿದ ಕೆಲವೇ ನಿಮಿಷಗಳಲ್ಲಿ ನಾಣ್ಯ 'ಆಯ್ಕೆ'ಯಾಗುತ್ತದೆ. ಬಳಿಕ ನೋಂದಣಿ ಶುಲ್ಕ, ಜಿಎಸ್‌ಟಿ, ರಿಸರ್ವ್ ಬ್ಯಾಂಕಿನ ಪ್ರಮಾಣಪತ್ರದ ಖರ್ಚು ಎಂದು ಒಂದಾದ ಮೇಲೊಂದರಂತೆ ಕಂತು ಕೇಳಲಾಗುತ್ತದೆ. ಕೊಟ್ಟ ಮೊದಲ ಕಂತನ್ನು ಬಿಡಲಾರದೆ ಎರಡನೆಯದನ್ನು ಕೊಡುವುದು ಮನುಷ್ಯ ಸ್ವಭಾವ. ವಂಚಕರ ವ್ಯವಹಾರ ನಿಂತಿರುವುದೇ ಅದರ ಮೇಲೆ.

ತನ್ನ ಹೆಸರು ಮತ್ತು ಲಾಂಛನ ಇಂಥ ಕೆಲಸಕ್ಕೆ ಬಳಕೆಯಾಗುತ್ತಿರುವುದನ್ನು ಗಮನಿಸಿ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಹಳೆಯ ನೋಟು, ನಾಣ್ಯಗಳ ಕೊಳ್ಳುವಿಕೆ-ಮಾರಾಟದಲ್ಲಿ ತಾನು ತೊಡಗುವುದಿಲ್ಲ, ಅದಕ್ಕಾಗಿ ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ, ಹಾಗೆ ವಸೂಲು ಮಾಡಲು ಯಾವ ಸಂಸ್ಥೆಗೂ ವ್ಯಕ್ತಿಗೂ ಅಧಿಕಾರ ನೀಡಿಲ್ಲ ಎಂದು ಅದು ಸ್ಪಷ್ಟಪಡಿಸಿದೆ. ಹಣ ಕಳೆದುಕೊಂಡವರು ಮುಜುಗರದಿಂದ ಸುಮ್ಮನಿರದೆ ಕೂಡಲೇ 1930 ಸಂಖ್ಯೆಯ ಸೈಬರ್ ಸಹಾಯವಾಣಿಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ.

ಆದರೆ ವಂಚಕರನ್ನು ದೂರವಿಟ್ಟ ಮಾತ್ರಕ್ಕೆ ಡಬ್ಬಿಯಲ್ಲಿರುವುದು ಏನೆಂದು ತಿಳಿದಂತಾಗಲಿಲ್ಲ. ಅದಕ್ಕೆ ಬೇರೆಯೇ ದಾರಿಯಿದೆ. ಆ ದಾರಿ ಆರಂಭವಾಗುವುದು ತಕ್ಕಡಿಯಿಂದ.

ಮೊದಲು ತೂಕ, ಆಮೇಲೆ ಚಿತ್ರ

ನಾಣ್ಯವನ್ನು ಕಂಡವರು ಮೊದಲು ಅದರ ಮೇಲಿನ ಚಿತ್ರವನ್ನು ನೋಡುತ್ತಾರೆ. ಬಲ್ಲವರು ಮೊದಲು ತೂಗುತ್ತಾರೆ. ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಸರಿಯಾದ ಲೋಹದಲ್ಲಿ, ಸರಿಯಾದ ಅಗಲದಲ್ಲಿ, ಸರಿಯಾದ ತೂಕ ತರುವುದು ಮಾತ್ರ ಅಗ್ಗದ ಕೆಲಸವಲ್ಲ. ಸರಕಾರದ ಟಂಕಸಾಲೆ ತೂಕಕ್ಕೆ ಬದ್ಧವಾಗಿತ್ತು. ಆಟಿಕೆ ತಯಾರಕನಿಗೆ ಆ ಕಟ್ಟುಪಾಡು ಇರಲಿಲ್ಲ.

ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ 180 ಗ್ರೇನ್, ಅಂದರೆ 11.66 ಗ್ರಾಂ ತೂಗುತ್ತಿತ್ತು. ನಮ್ಮ ಸರಾಫರು ಇಂದಿಗೂ ಆಡುವ 'ತೊಲ' ಎಂಬುದು ಮೂಲತಃ ಇದೇ ತೂಕ. ಎಂಟಾಣೆ ಅದರ ಅರ್ಧ, ನಾಲ್ಕಾಣೆ ಕಾಲು ಭಾಗ, ಎರಡಾಣೆಯ ಪುಟ್ಟ ಬೆಳ್ಳಿ ನಾಣ್ಯ ಎಂಟರಲ್ಲೊಂದು ಭಾಗ, ಎಂದರೆ 1.46 ಗ್ರಾಂ. ತಾಮ್ರದಲ್ಲಿ 1835ರ ಅರ್ಧಾಣೆ 12.95 ಗ್ರಾಂ, ಕಾಲಾಣೆ 6.47 ಗ್ರಾಂ, ಆಣೆಯ ಹನ್ನೆರಡನೇ ಒಂದು ಭಾಗವಾದ ಪೈ 2.16 ಗ್ರಾಂ ಇದ್ದವು. ಸವೆತದಿಂದ ತುಸು ಕಡಿಮೆಯಾಗಬಹುದು. ಹೆಚ್ಚಾಗುವಂತಿಲ್ಲ. ಒಂದು ಗ್ರಾಂನಷ್ಟು ವ್ಯತ್ಯಾಸ ಕಂಡರೆ ಅಲ್ಲಿಯೇ ಅನುಮಾನ ಆರಂಭವಾಗಬೇಕು.

ಲೋಹದ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಆರನೇ ಜಾರ್ಜ್‌ನ ತಲೆಯಿರುವ ರೂಪಾಯಿಗಳೆಲ್ಲ ಒಂದೇ ಬೆಳ್ಳಿಯವಲ್ಲ. 1940ರಿಂದ 1945ರ ವರೆಗಿನವುಗಳಲ್ಲಿ ಬೆಳ್ಳಿ ಅರ್ಧ ಭಾಗ ಮಾತ್ರ. ಅದಕ್ಕೂ ಹಿಂದಿನವುಗಳಲ್ಲಿ ಸಾವಿರಕ್ಕೆ 917 ಭಾಗ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕಲ್, ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಅಜ್ಜ ಬಿಟ್ಟುಹೋದ ಬೆಳ್ಳಿ ರೂಪಾಯಿಗಳನ್ನು ಅಣ್ಣತಮ್ಮಂದಿರು ಎಣಿಸಿ ಹಂಚಿಕೊಳ್ಳುವಾಗ ಈ ವ್ಯತ್ಯಾಸ ಗೊತ್ತಿಲ್ಲದೆ ಒಬ್ಬನಿಗೆ ಹೆಚ್ಚು ಬೆಳ್ಳಿ, ಇನ್ನೊಬ್ಬನಿಗೆ ಕಡಿಮೆ ಬೆಳ್ಳಿ ಹೋಗುವುದುಂಟು.

ಚಿಕ್ಕದೆಂದ ಮಾತ್ರಕ್ಕೆ ಆಟಿಕೆಯಲ್ಲ

ಹೆಚ್ಚಿನ ನಷ್ಟ ಆಗುವುದು ಇಲ್ಲಿ. ಇಂದಿನವರಿಗೆ ನಾಣ್ಯವೆಂದರೆ ಹೆಬ್ಬೆರಳಿನ ಅಗಲದ ವಸ್ತು. ಆರು ಮಿಲಿಮೀಟರ್ ಅಗಲದ, ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುವಂಥ ಚಕ್ಕೆಯನ್ನು ನಾಣ್ಯವೆಂದು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ಆದರೆ ಕರ್ನಾಟಕದಲ್ಲಿ ಶತಮಾನಗಳ ಕಾಲ ಪೇಟೆಯ ವ್ಯವಹಾರ ನಡೆದದ್ದು ಅಂಥ ಚಕ್ಕೆಗಳಿಂದಲೇ. ಅದರ ಹೆಸರೇ 'ಹಣ'. ಸಂಸ್ಕೃತದ 'ಪಣ' ಕನ್ನಡದಲ್ಲಿ 'ಹಣ'ವಾಯಿತು; ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು ಕ್ರಮೇಣ ಎಲ್ಲ ದುಡ್ಡಿಗೂ ಹೆಸರಾಯಿತು.

ವಿಜಯನಗರದ ವರಾಹ ಸುಮಾರು 3.4 ಗ್ರಾಂ ತೂಗುತ್ತಿತ್ತು. ಹಣದ ತೂಕ ಅದರ ಹತ್ತನೇ ಒಂದು ಭಾಗದ ಆಸುಪಾಸಿನದು, ಎಂದರೆ ಮೂರು ಗುಲಗಂಜಿಯಷ್ಟು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ನಾಣ್ಯಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಚಿನ್ನದಲ್ಲಿ ವರಾಹ, ಅದರ ಅರ್ಧವಾದ ಪ್ರತಾಪ, ಅದಕ್ಕೂ ಕಿರಿದಾದ ಹಣ, ಬೆಳ್ಳಿಯಲ್ಲಿ ಹಣದ ಆರನೇ ಒಂದು ಭಾಗದ ಬೆಲೆಯ ತಾರ, ತಾಮ್ರದಲ್ಲಿ ಜಿತಲ. ಈ ಬೆಳ್ಳಿ ತಾರವಂತೂ ಹಣಕ್ಕಿಂತಲೂ ಹಗುರ. ಕಪ್ಪಾದ ತಾರವೊಂದು ಕೈಗೆ ಸಿಕ್ಕರೆ ಮುರಿದ ಗೆಜ್ಜೆಯ ಚೂರೆಂದು ಎಸೆಯುವವರೇ ಹೆಚ್ಚು.

ಮೈಸೂರಿನ ಕಂಠೀರವ ನರಸರಾಜ ಒಡೆಯರ್ (ಆಳ್ವಿಕೆ 1638-1659) ಹೊರಡಿಸಿದ 'ಕಂಠೀರಾಯ ಹಣ'ದ ಮೇಲೆ ನರಸಿಂಹನ ಆಕೃತಿಯಿದೆ. ಆ ಆಕೃತಿಯನ್ನು ಬರಿಗಣ್ಣಿನಿಂದ ಓದುವುದು ಕಷ್ಟ. ಕೆಲವು ಚುಕ್ಕೆ, ಕೆಲವು ಗೆರೆಗಳ ಗೊಂದಲದಂತೆ ಕಾಣುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದರೆ ಮಂಡಿ, ಮುಖ, ಕೈಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಆಟಿಕೆಯ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಯಂತ್ರದಲ್ಲಿ ಒತ್ತಿದ ಆಟಿಕೆ ಬಿಲ್ಲೆಯಲ್ಲಿ ಚಿತ್ರ ಸರಿಯಾಗಿ ನಡುವೆ ಕೂತಿರುತ್ತದೆ, ಅಂಚು ದುಂಡಗಿರುತ್ತದೆ, ಪ್ರತಿಯೊಂದೂ ಇನ್ನೊಂದರ ಪಡಿಯಚ್ಚು. ಕೈಯಿಂದ ಬಡಿದ ಹಣದಲ್ಲಿ ಅಚ್ಚು ನಾಣ್ಯಕ್ಕಿಂತ ದೊಡ್ಡದಿರುವುದರಿಂದ ಚಿತ್ರದ ಒಂದು ಭಾಗ ಹೊರಗೇ ಉಳಿದಿರುತ್ತದೆ. ಅಂಚಿನಲ್ಲಿ ಸಣ್ಣ ಸೀಳುಗಳೂ ಇರಬಹುದು. ಅಂದಗೇಡಿಯಾಗಿರುವುದೇ ಇಲ್ಲಿ ಒಳ್ಳೆಯ ಲಕ್ಷಣ.

ಇಷ್ಟು ಚಿಕ್ಕ ನಾಣ್ಯವನ್ನು ಸಾವಿರಗಟ್ಟಲೆ ಎಣಿಸುತ್ತಿದ್ದುದಾದರೂ ಹೇಗೆ? ಬೆರಳಿನಿಂದ ಎಣಿಸಿದರೆ ದಿನವೇ ಸಾಲದು. ದಕ್ಷಿಣ ಭಾರತದಲ್ಲಿ ಇದಕ್ಕೊಂದು ಜಾಣ ಉಪಾಯವಿತ್ತು. ಸಾಲುಸಾಲಾಗಿ ಸಣ್ಣ ಕುಳಿಗಳನ್ನು ಕೊರೆದ ಮರದ ಹಲಗೆಯ ಮೇಲೆ ಹಣಗಳನ್ನು ಸುರಿದು ಅಲ್ಲಾಡಿಸಿದರೆ ಕುಳಿಗೊಂದರಂತೆ ಕೂರುತ್ತವೆ. ಮಿಕ್ಕವನ್ನು ಅಂಗೈಯಿಂದ ಸರಿಸಿದರೆ ಲೆಕ್ಕ ಮುಗಿಯಿತು. ಕೇರಳದಲ್ಲಿ ಇದನ್ನು 'ಪಣಪ್ಪಲಗ' ಎನ್ನುತ್ತಿದ್ದರು. ಹಳೆಯ ಮನೆಯ ಅಟ್ಟದಲ್ಲಿ ಇಂಥ ಹಲಗೆ ಸಿಕ್ಕಿದರೆ ಚೆನ್ನೆಮಣೆಯ ಜಾತಿಯದೆಂದು ಭಾವಿಸಿ ಒಲೆಗೆ ಹಾಕಬಾರದು. ಚೆನ್ನೆಮಣೆಯ ಕುಳಿಗಳು ಹಿಡಿ ಬೀಜ ಹಿಡಿಸುವಷ್ಟು ದೊಡ್ಡವು, ಇಲ್ಲಿನವು ಒಂದೇ ನಾಣ್ಯ ಹಿಡಿಸುವಂಥವು.

ಧಾರವಾಡಕ್ಕೂ ತನ್ನದೇ ಆದ ಟಂಕಸಾಲೆಯ ಇತಿಹಾಸವಿದೆ ಎಂಬುದು ಊರಿನವರಿಗೇ ಹೆಚ್ಚು ತಿಳಿದಿಲ್ಲ. ಟಿಪ್ಪು ಸುಲ್ತಾನ್ ತನ್ನ ರಾಜ್ಯದ ಅನೇಕ ಊರುಗಳಿಗೆ ಪರ್ಷಿಯನ್ ಹೆಸರಿಟ್ಟಿದ್ದ. ಧಾರವಾಡಕ್ಕೆ ಇಟ್ಟದ್ದು 'ಖುರ್ಷಿದ್ ಸವಾದ್'. ನಾಣ್ಯದ ಮೇಲೆ ಬರುವುದೂ ಅದೇ ಹೆಸರು. ಚಿನ್ನದ ಹಣಕ್ಕೆ ಅವನು ಕೊಟ್ಟ ಹೆಸರು 'ರಾಹತಿ'. ಟಿಪ್ಪುವಿನ ನಾಣ್ಯಗಳಲ್ಲಿ ಮೌಲೂದಿ ಎಂಬ ಶಕೆ ಬಂದ ಮೇಲೆ, ಎಂದರೆ 1787ರಿಂದ ಈಚೆಗೆ, ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಲಾಗಿದೆ. 1215 ಎಂಬುದು ನೋಡುವವರಿಗೆ 5121 ಎಂಬಂತೆ ಕಾಣುತ್ತದೆ. ನಕಲು ಮಾಡುವವರು ಎಡವುವುದು ಇಂಥಲ್ಲಿಯೇ. ತಿಂಗಳುಗಟ್ಟಲೆ ನಡೆದ ಮುತ್ತಿಗೆಯ ನಂತರ 1791ರ ಏಪ್ರಿಲ್‌ನಲ್ಲಿ ಧಾರವಾಡದ ಕೋಟೆ ಮರಾಠರ ವಶವಾಯಿತು. ಅದರಾಚೆಗಿನ ವರ್ಷವನ್ನು ಹೊತ್ತ 'ಧಾರವಾಡದ ಟಿಪ್ಪು ನಾಣ್ಯ'ವನ್ನು ಯಾರಾದರೂ ತೋರಿಸಿದರೆ ಸಂಶಯ ಪಡುವುದು ಲೇಸು.

ಪುತಳಿ: ವೆನಿಸ್‌ನಿಂದ ಕೊರಳಿಗೆ

ಉತ್ತರ ಕರ್ನಾಟಕದ ಪುತಳಿ ಸರ ಈ ವಿಷಯದಲ್ಲಿ ವಿಶೇಷ ಪ್ರಕರಣ. ಪುತಳಿ ಎಂದರೆ ಬೊಂಬೆ. ಸರದ ಬಿಲ್ಲೆಗಳ ಮೇಲಿನ ನಿಂತ ಆಕೃತಿಗಳನ್ನು ದೇವರೆಂದೇ ನಂಬಿ ಪೂಜಿಸುವವರಿದ್ದಾರೆ. ಇದರ ಮೂಲ ಇಟಲಿಯ ವೆನಿಸ್ ಗಣರಾಜ್ಯದ 'ಡುಕಾಟ್' ಎಂಬ ಚಿನ್ನದ ನಾಣ್ಯ. 1284ರಲ್ಲಿ ಆರಂಭವಾದ ಅದು 1797ರಲ್ಲಿ ಗಣರಾಜ್ಯ ಅಳಿಯುವವರೆಗೆ ಬಹುಮಟ್ಟಿಗೆ ಒಂದೇ ರೂಪದಲ್ಲಿ, ಸುಮಾರು 3.5 ಗ್ರಾಂ ತೂಕದಲ್ಲಿ, ಹೆಚ್ಚುಕಡಿಮೆ ಅಪ್ಪಟ ಚಿನ್ನದಲ್ಲಿ ಹೊರಬಂತು. ಒಂದು ಬದಿಯಲ್ಲಿ ಸಂತ ಮಾರ್ಕನ ಮುಂದೆ ಮಂಡಿಯೂರಿದ ಆಡಳಿತಾಧಿಪ, ಇನ್ನೊಂದು ಬದಿಯಲ್ಲಿ ನಕ್ಷತ್ರಗಳ ನಡುವೆ ನಿಂತ ಕ್ರಿಸ್ತ. ಮೆಣಸಿನ ವ್ಯಾಪಾರದ ಹಾದಿ ಹಿಡಿದು ಬಂದ ಈ ನಾಣ್ಯದ ಶುದ್ಧತೆಯ ಮೇಲೆ ಇಲ್ಲಿನ ಅಕ್ಕಸಾಲಿಗರಿಗೆ ಅಪಾರ ಭರವಸೆಯಿತ್ತು. ಅದನ್ನೇ ನೋಡಿ ಒಡವೆಗಾಗಿ ನಕಲು ಮಾಡಿದರು.

ಹಾಗಾಗಿ ಪುತಳಿಯಲ್ಲಿ ಎರಡು ಬಗೆ. ಒಂದು ನಿಜವಾದ ಡುಕಾಟ್, ಇನ್ನೊಂದು ಅಕ್ಕಸಾಲಿಗರ ಪುತಳಿ. ಸುತ್ತಲಿನ ಬರಹವನ್ನು ನೋಡಿದರೆ ತಿಳಿಯುತ್ತದೆ. ಲ್ಯಾಟಿನ್ ಅಕ್ಷರಗಳು ಓದಲು ಬಂದರೆ, ಆಡಳಿತಾಧಿಪನ ಹೆಸರು ಸಿಕ್ಕರೆ ಮೂಲದ್ದಿರಬಹುದು. ಅಕ್ಷರದಂತೆ ಕಂಡರೂ ಅಕ್ಷರವಲ್ಲದ ಗೀಟುಗಳಿದ್ದರೆ ಅದು ನಕಲು. ನಕಲೆಂದ ಕೂಡಲೇ ಹಗುರವಾಗಿ ಕಾಣಬೇಕಿಲ್ಲ. ಯಾರನ್ನೂ ಮೋಸಗೊಳಿಸಲು ಹುಟ್ಟಿದ ವಸ್ತು ಇದಲ್ಲ. ಚಿನ್ನದ ಬೆಲೆ ಇದ್ದೇ ಇದೆ, ಮೇಲೆ ಕುಸುರಿಯ ಬೆಲೆ. ಹಳೆಯ ಸರವನ್ನು 'ಹೊಸ ಮಾದರಿ'ಗೆ ಬದಲಿಸುವ ಮುನ್ನ ಒಂದೊಂದು ಬಿಲ್ಲೆಯನ್ನೂ ಕನ್ನಡಿಯಡಿ ನೋಡುವುದು ಒಳಿತು. ಹಲವು ನಕಲುಗಳ ನಡುವೆ ಒಂದು ಮೂಲ ಕೂತಿರುವ ಸಾಧ್ಯತೆ ಇಲ್ಲದಿಲ್ಲ.

ಹನುಮಂತನಿರುವ ಕಂಪನಿ ನಾಣ್ಯ

ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸಿರುವುದು ಈಸ್ಟ್ ಇಂಡಿಯಾ ಕಂಪನಿಯ ಹೆಸರಿರುವ, ಹನುಮಂತ, ರಾಮ ಪರಿವಾರ, ಓಂ ಅಥವಾ ಕಮಲದ ಚಿತ್ರವಿರುವ ಬಿಲ್ಲೆ. ಇಸವಿ 1616, 1717, 1818, 1839 ಹೀಗೆ ಇರುತ್ತದೆ. 'ಒಂದು ಆಣೆ' ಅಥವಾ 'ಅರ್ಧ ಆಣೆ' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅಕ್ಕಿಯನ್ನು ತನ್ನತ್ತ ಸೆಳೆಯುತ್ತದೆಂಬ 'ರೈಸ್ ಪುಲ್ಲಿಂಗ್' ಕಥೆಯೂ ಇಂಥ ಬಿಲ್ಲೆ, ತಂಬಿಗೆಗಳ ಸುತ್ತಲೇ ಹುಟ್ಟಿಕೊಂಡಿದೆ. ಆ ಕಥೆಗೆ ಮರುಳಾದವರಲ್ಲಿ ಓದಿದವರೂ ಇದ್ದಾರೆಂಬುದು ಸೋಜಿಗ.

ಇವು ನಾಣ್ಯಗಳಲ್ಲ ಎನ್ನಲು ಇತಿಹಾಸದ ಸಾಮಾನ್ಯ ತಿಳಿವಳಿಕೆ ಸಾಕು. 1717ರಲ್ಲಿ ಕಂಪನಿಗೆ ಮುಂಬಯಿಯಲ್ಲಿ ರೂಪಾಯಿ ಅಚ್ಚು ಹಾಕಲು ಅನುಮತಿ ಕೊಟ್ಟವನು ಮೊಗಲ್ ಬಾದಶಹ ಫರೂಕ್‌ಸಿಯರ್. ಆ ರೂಪಾಯಿಗಳ ಮೇಲೆ ಪರ್ಷಿಯನ್ ಲಿಪಿಯಲ್ಲಿ ಬಾದಶಹನ ಹೆಸರೇ ಇರಬೇಕಿತ್ತು. ಇಡೀ ದೇಶಕ್ಕೆ ಒಂದೇ ಬಗೆಯ ಕಂಪನಿ ನಾಣ್ಯ ಬಂದದ್ದು 1835ರಲ್ಲಿ. ಅದರ ರೂಪಾಯಿಯ ಮೇಲೆ ನಾಲ್ಕನೇ ವಿಲಿಯಂ ದೊರೆಯ ತಲೆಯಿದೆ, ಯಾವ ದೇವರೂ ಇಲ್ಲ. ಇನ್ನು 'ಒಂದಾಣೆ' ಎಂಬ ನಾಣ್ಯ ಬ್ರಿಟಿಷ್ ಭಾರತದಲ್ಲಿ ಚಲಾವಣೆಗೆ ಬಂದದ್ದೇ 1907ರಲ್ಲಿ, ಅಂಚು ಅಲೆಅಲೆಯಾಗಿದ್ದ ತಾಮ್ರ-ನಿಕಲ್ ಮಿಶ್ರಲೋಹದಲ್ಲಿ. ಆ ಹೊತ್ತಿಗೆ ಕಂಪನಿ ಸರಕಾರ ಹೋಗಿ ಅರ್ಧ ಶತಮಾನವಾಗಿತ್ತು. ಹೀಗಿರುವಾಗ 1616ರ ಕಂಪನಿ ಒಂದಾಣೆ ಇರಲು ಸಾಧ್ಯವೇ ಇಲ್ಲ.

ರಾಮಟಂಕವೆಂಬ ದೇವಾಲಯ ಬಿಲ್ಲೆಯನ್ನು ಇದರ ಜೊತೆ ಸೇರಿಸುವುದು ಸರಿಯಲ್ಲ. ಒಂದು ಬದಿಯಲ್ಲಿ ರಾಮ ಪಟ್ಟಾಭಿಷೇಕ, ಇನ್ನೊಂದು ಬದಿಯಲ್ಲಿ ಬಿಲ್ಲು ಹಿಡಿದ ರಾಮ-ಲಕ್ಷ್ಮಣರು, ಸುತ್ತ ನಾಗರಿ ಬರಹ, ಹಲವುಗಳಲ್ಲಿ 51740 ಎಂಬ ಅರ್ಥವಾಗದ ಸಂಖ್ಯೆ. ಯಾತ್ರೆಯ ನೆನಪಿಗೆ, ದೇವರ ಪೆಟ್ಟಿಗೆಯಲ್ಲಿಟ್ಟು ಪೂಜಿಸಲು ಮಾಡಿದ ವಸ್ತು ಇದು. ಇದು ಎಂದೂ ದುಡ್ಡಾಗಿ ನಡೆದದ್ದಲ್ಲ, ನಡೆಯುತ್ತದೆಂದು ಮಾಡಿದವರೂ ಹೇಳಿರಲಿಲ್ಲ. ಹಿತ್ತಾಳೆಯದಾದರೆ ಬೆಲೆ ಅತ್ಯಲ್ಪ, ಬೆಳ್ಳಿಯದಾದರೆ ಬೆಳ್ಳಿಯ ಬೆಲೆ. ಜಗಲಿಯ ಮೇಲೆ ಇರುವಲ್ಲಿಯೇ ಅದಕ್ಕೆ ಗೌರವ.

ಎಣಿಕೆ ಬಿಲ್ಲೆ, ಆಟದ ದುಡ್ಡು

ಯುರೋಪಿನಲ್ಲಿ ಎಣಿಕೆಗೆಂದೇ ಬಿಲ್ಲೆ ತಯಾರಿಸುವ ದೊಡ್ಡ ಉದ್ಯಮವಿತ್ತು. ರೋಮನ್ ಅಂಕಿಗಳಲ್ಲಿ ಕೂಡುವುದು ಕಳೆಯುವುದು ತ್ರಾಸದಾಯಕವಾದ್ದರಿಂದ ಗೆರೆ ಎಳೆದ ಮೇಜಿನ ಮೇಲೆ ಬಿಲ್ಲೆಗಳನ್ನು ಸರಿಸಿ ಲೆಕ್ಕ ಹಾಕುತ್ತಿದ್ದರು. ಜರ್ಮನಿಯ ನ್ಯೂರೆಂಬರ್ಗ್ ಇದರ ಕೇಂದ್ರ. 1600ರ ಆಸುಪಾಸಿನಲ್ಲಿ ಅಲ್ಲಿದ್ದ ಹಾನ್ಸ್ ಕ್ರೌವಿಂಕೆಲ್ ಎಂಬಾತನ ಹಿತ್ತಾಳೆಯ ತೆಳು ಬಿಲ್ಲೆಗಳು ಇಂದಿಗೂ ಹೇರಳವಾಗಿ ಸಿಗುತ್ತವೆ. ಭಾರತದಿಂದ ಅರಬರ ಮೂಲಕ ಹೋದ ಅಂಕಿಗಳು ಅಲ್ಲಿ ಮನೆಮಾತಾದ ಮೇಲೆ ಬಿಲ್ಲೆಗಳಿಗೆ ಕೆಲಸವಿಲ್ಲದಾಯಿತು. ಅದೇ ಊರಿನ ತಯಾರಕರು ಮುಂದೆ ಇಸ್ಪೀಟಾಟದ ಬಿಲ್ಲೆಗಳನ್ನೂ ಮಕ್ಕಳ ಆಟದ ಪುಟ್ಟ ನಾಣ್ಯಗಳನ್ನೂ ಮಾಡತೊಡಗಿದರು. ಲೌವರ್ ಎಂಬ ಮನೆತನದ ಆಟದ ನಾಣ್ಯಗಳು ಪ್ರಸಿದ್ಧ. ಇಂಥವುಗಳ ಮೇಲೆ 'ಆಟದ ಬಿಲ್ಲೆ' ಎಂಬರ್ಥದ ಜರ್ಮನ್ ಪದವಾದ 'ಷ್ಪೀಲ್ ಮಾರ್ಕೆ' ಎಂದಿರುವುದುಂಟು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿಯೂ ಇದೇ ಕಸುಬು ಬೆಳೆಯಿತು. 1844ರ ಸುಮಾರಿಗೆ ಜೋಸೆಫ್ ಮೂರ್ ಎಂಬಾತ ಎರಡು ಲೋಹ ಸೇರಿಸಿ ಮಾಡಿದ 'ಮಾದರಿ ಪೆನ್ನಿ'ಯಲ್ಲಿ ವಿಕ್ಟೋರಿಯಾ ರಾಣಿಯ ತಲೆಯಿದೆ, 'ಮಾಡೆಲ್' ಎಂಬ ಪದವೂ ಇದೆ. ಮೂರನೇ ಜಾರ್ಜ್‌ನ ಚಿನ್ನದ ಗಿನಿಯನ್ನು ಹೋಲುವ ಹಿತ್ತಾಳೆ ಬಿಲ್ಲೆಗಳ ಮೇಲೆ ರಾಜನ ಬಿರುದುಗಳ ಬದಲು 'ಹಳೆಯ ಒಳ್ಳೆಯ ದಿನಗಳ ನೆನಪಿಗೆ' ಎಂಬರ್ಥದ ಬರಹವಿರುತ್ತದೆ. ನಿಜವಾದ ಗಿನಿ 8.35 ಗ್ರಾಂ ತೂಕದ 22 ಕ್ಯಾರೆಟ್ ಚಿನ್ನ. ಈ ಬಿಲ್ಲೆಗಳು ಹಿತ್ತಾಳೆಯವಾದ್ದರಿಂದ ಅದಕ್ಕಿಂತ ಬಹಳ ಹಗುರ. ಹಳೆಯ ಬಂಗಲೆಗಳ ಸಾಮಾನಿನ ಜೊತೆ ಇಂಥದ್ದು ಕೈಗೆ ಬಂದರೆ ಹೆದರಬೇಕಿಲ್ಲ, ಹಿಗ್ಗಬೇಕಿಲ್ಲ. ಹರಾಜುಗಳಲ್ಲಿ ಇವನ್ನು ಹೆಚ್ಚಾಗಿ ರಾಶಿ ಮಾಡಿ ಮಾರುತ್ತಾರೆ.

ನಮ್ಮಲ್ಲಿ ಎಣಿಕೆಗೆ ಕವಡೆ, ಹುಣಸೆಬೀಜಗಳೇ ಸಾಕಾಗಿದ್ದವು. ಮುಂದಿನ ತಲೆಮಾರು ಆಟಿಕೆಯೆಂದು ತಿಳಿಯಲಿರುವ ನಾಣ್ಯವೂ ಈಗಾಗಲೇ ಮನೆಮನೆಯಲ್ಲಿದೆ: ಮುಕ್ಕಾಲು ಗ್ರಾಂ ತೂಗುವ ಅಲ್ಯೂಮಿನಿಯಂ ಒಂದು ಪೈಸೆ, ಆರು ಮೂಲೆಯ ಮೂರು ಪೈಸೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಅವು ಅಸಲಿಯೇ, ಆದರೆ ಬೆಲೆಯಿಲ್ಲ.

ರೈಲ್ವೆ ಬಿಲ್ಲೆಯ ನಾಲ್ಕು ಅಕ್ಷರ

ಹುಬ್ಬಳ್ಳಿಯ ಮಟ್ಟಿಗೆ ಹೆಚ್ಚು ಕಾಳಜಿಗೆ ಅರ್ಹವಾದದ್ದು ಬೇರೆಯೇ ಇದೆ. ಯಾರೂ ನಕಲು ಮಾಡದ, ಆದರೆ ಯಾರೂ ಕಾಪಾಡದ ವಸ್ತು ಅದು. ಕಾರ್ಖಾನೆ ಮತ್ತು ಗಿರಣಿಗಳ ಸಂಖ್ಯೆಯ ಬಿಲ್ಲೆ.

ಸಾವಿರಾರು ಜನ ದುಡಿಯುವ ಕಾರ್ಖಾನೆಗಳಲ್ಲಿ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕೂಗುವುದು ಆಗದ ಮಾತು. ಪ್ರತಿ ಕೆಲಸಗಾರನಿಗೂ ಒಂದು ಸಂಖ್ಯೆ, ಆ ಸಂಖ್ಯೆ ಕೊರೆದ ಒಂದು ಲೋಹದ ಬಿಲ್ಲೆ. ಒಳಗೆ ಹೋಗುವಾಗ ಬಿಲ್ಲೆಯ ಸ್ಥಾನ ಬದಲಾದರೆ ಹಾಜರಿ, ಮೊಳೆಯಲ್ಲೇ ಉಳಿದರೆ ಗೈರು. ಉಪಕರಣ ಪಡೆಯುವಾಗ ಅದರ ಬದಲಿಗೆ ಇಡುವುದೂ ಇಂಥ ಬಿಲ್ಲೆಯನ್ನೇ. ಬಿಲ್ಲೆಯ ಮೇಲ್ಭಾಗದಲ್ಲಿ ನೇತುಹಾಕಲು ತೂತಿರುತ್ತದೆ. ಅದು ಕೊರಳಿನ ತಾಯಿತದ ತೂತಲ್ಲ.

ಇವುಗಳ ಮೇಲೆ ಇಸವಿ ಇರುವುದು ಕಡಿಮೆ. ಆದರೂ ಕಾಲ ನಿರ್ಣಯಿಸಬಹುದು, ಅದಕ್ಕೆ ರೈಲ್ವೆಯ ಹೆಸರಿನ ಮೊದಲಕ್ಷರಗಳೇ ಕೀಲಿಕೈ. ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಸ್ಥಾಪನೆಯಾಯಿತು. ಹುಬ್ಬಳ್ಳಿಯ ಕಾರ್ಯಾಗಾರ ಆರಂಭವಾದದ್ದು 1885ರಲ್ಲಿ. ಕಂಪನಿಯ ಕಚೇರಿಯಿದ್ದ ಧಾರವಾಡದ ಕಟ್ಟಡ ಇಂದಿನ ಕರ್ನಾಟಕ ಕಾಲೇಜು. 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿ ಅದು ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ, 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ, 2003ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯನ್ನೇ ಕೇಂದ್ರವಾಗುಳ್ಳ ನೈಋತ್ಯ ರೈಲ್ವೆ.

ಬಿಲ್ಲೆಯ ಮೇಲೆ 'ಎಸ್.ಎಂ.ಆರ್.' ಎಂದಿದ್ದರೆ ಅದು 1908ಕ್ಕಿಂತ ಹಿಂದಿನದು. ಅದರ ಹಿಂದೆ 'ಎಂ' ಅಕ್ಷರ ಸೇರಿದ್ದರೆ 1908 ಮತ್ತು 1951ರ ನಡುವಿನದು. 'ಎಸ್.ಆರ್.' ಎಂದಷ್ಟೇ ಇದ್ದರೆ 1951ರ ನಂತರದ್ದು, 'ಎಸ್.ಸಿ.ಆರ್.' ಎಂದಿದ್ದರೆ 1966ರ ಈಚಿನದು. ಇಷ್ಟು ನಿಖರವಾಗಿ ಕಾಲ ಹೇಳುವ ಬಿಲ್ಲೆಗೆ ಗುಜರಿ ಅಂಗಡಿಯಲ್ಲಿ ಹಿತ್ತಾಳೆಯ ದರ ಮಾತ್ರ ಸಿಗುತ್ತದೆ. ಹತ್ತಿಗಿರಣಿಗಳ ಬಿಲ್ಲೆಗಳ ಪಾಡು ಇನ್ನೂ ಕಷ್ಟದ್ದು. ಗಿರಣಿಚಾಳ, ಭಾರತ ಮಿಲ್ ಸರ್ಕಲ್ ಎಂಬ ಹೆಸರುಗಳು ನಗರದಲ್ಲಿ ಉಳಿದಿರುವಷ್ಟು ಗಟ್ಟಿಯಾಗಿ ಆ ಕೆಲಸಗಾರರ ಗುರುತುಗಳು ಉಳಿದಿಲ್ಲ.

ಸಂಗ್ರಾಹಕರ ಪೇಟೆಯಲ್ಲಿ ರೈಲ್ವೆ ಬಿಲ್ಲೆಗಳಿಗೆ ಕೊಳ್ಳುವವರಿದ್ದಾರೆ. ಆದರೆ ಬರಿಯ ಬಿಲ್ಲೆಗಿಂತ ಅದರ ಜೊತೆ ಕೆಲಸಗಾರನ ಸೇವಾ ಪುಸ್ತಕ, ಪಾಸು, ಭಾವಚಿತ್ರ ಇದ್ದರೆ ಅದರ ಮೌಲ್ಯವೇ ಬೇರೆ. 417 ಎಂಬ ಸಂಖ್ಯೆ ಯಾರದೆಂದು ಗೊತ್ತಿದ್ದರೆ ಅದು ದಾಖಲೆ, ಗೊತ್ತಿಲ್ಲದಿದ್ದರೆ ಹಿತ್ತಾಳೆ. ಮನೆಯ ಹಿರಿಯರು ಇರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡುವುದಕ್ಕೆ ಖರ್ಚೇನೂ ಇಲ್ಲ.

ತೊಳೆಯಬೇಡಿ, ಒರೆಗೆ ಹಚ್ಚಬೇಡಿ

ಬೆಲೆಯ ಮಾತಿಗೆ ಬರುವ ಮುನ್ನ ಒಂದು ಕಿವಿಮಾತು. ಹಬ್ಬದ ದಿನ ಹಿತ್ತಾಳೆ ಪಾತ್ರೆಗಳ ಜೊತೆಗೆ ಹಳೆಯ ನಾಣ್ಯಗಳನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವ ರೂಢಿ ಅನೇಕ ಮನೆಗಳಲ್ಲಿದೆ. ನಾಣ್ಯ ಫಳಫಳ ಹೊಳೆಯುತ್ತದೆ, ಬೆಲೆ ಅರ್ಧಕ್ಕಿಳಿಯುತ್ತದೆ. ತಾಮ್ರದ ಮೇಲೆ ಕಾಲಾಂತರದಲ್ಲಿ ಕೂತ ಕಂದು ಪೊರೆಯೇ ಅದರ ವಯಸ್ಸಿನ ಸಾಕ್ಷಿ. ತಿಕ್ಕಿದ ಗೀರುಗಳನ್ನು ಬಲ್ಲವರು ಒಂದೇ ನೋಟದಲ್ಲಿ ಗುರುತಿಸುತ್ತಾರೆ. ಕೊಂಡಿ ಬೆಸೆದು ಪದಕ ಮಾಡಿದ ನಾಣ್ಯಕ್ಕೂ ಇದೇ ಗತಿ.

ಪುಟ್ಟ ಚಿನ್ನದ ಹಣವನ್ನು ಒರೆಗಲ್ಲಿಗೆ ಉಜ್ಜಿಸುವುದು ಇನ್ನೂ ದೊಡ್ಡ ತಪ್ಪು. ಇರುವುದೇ ಮೂರು ಗುಲಗಂಜಿ, ಅದರಲ್ಲಿ ಕಲ್ಲಿಗೆಷ್ಟು ಕೊಡುವುದು? ಈಗ ಅನೇಕ ಸರಾಫರ ಬಳಿ ಕ್ಷಕಿರಣದಿಂದ ಶುದ್ಧತೆ ಹೇಳುವ ಯಂತ್ರವಿದೆ. ಒಂದು ಕಣವೂ ಸವೆಯದೆ ಉತ್ತರ ಸಿಗುತ್ತದೆ. ಮಿಲಿಗ್ರಾಂ ತೋರಿಸುವ ತಕ್ಕಡಿಯೂ ಅಲ್ಲಿಯೇ ಇರುತ್ತದೆ.

ಅಲ್ಲಿ ದೊರೆತ ಎರಡು ಅಂಕಿಗಳಿಂದ ಕನಿಷ್ಠ ಬೆಲೆ ತಿಳಿಯುತ್ತದೆ. 917 ಶುದ್ಧತೆಯ, ಸವೆಯದ ರೂಪಾಯಿಯಲ್ಲಿ ಅಪ್ಪಟ ಬೆಳ್ಳಿ ಸುಮಾರು 10.7 ಗ್ರಾಂ, 1940ರ ದಶಕದ ಅರ್ಧ ಬೆಳ್ಳಿಯದರಲ್ಲಿ 5.8 ಗ್ರಾಂ. ಚಿನ್ನದ ಹಣವಾದರೆ ಒಂದು ಗ್ರಾಂ ಚಿನ್ನದ ದರದ ಮೂರನೇ ಒಂದು ಭಾಗದ ಸಮೀಪ. ಇದಕ್ಕಿಂತ ಕಡಿಮೆಗೆ ಕೊಡುವಂತಿಲ್ಲ. ಇದರ ಮೇಲೆ ಎಷ್ಟು ಎಂಬುದನ್ನು ನಿರ್ಧರಿಸುವುದು ವಿರಳತೆ ಮತ್ತು ಸ್ಥಿತಿ. ಹಳೆಯದಾದಷ್ಟೂ ಬೆಲೆ ಹೆಚ್ಚೆಂಬ ನಂಬಿಕೆಗೆ ಆಧಾರವಿಲ್ಲ. ಕೋಟಿಗಟ್ಟಲೆ ಅಚ್ಚಾದ ಕಾಲಾಣೆ ನೂರು ವರ್ಷ ದಾಟಿದರೂ ಕಾಲಾಣೆಯೇ. 1943ರಿಂದ 1947ರ ವರೆಗೆ ಬಂದ ತೂತಿನ ಬಿಲ್ಲೆಯಂತೂ ಊರೂರಲ್ಲಿ ಸಿಗುತ್ತದೆ. ಬೆಲೆ ತಿಳಿಯಬೇಕಾದರೆ ಮಾರಾಟಗಾರ ಕೇಳುವ ದರವನ್ನು ನೋಡಬಾರದು. ಪರವಾನಗಿ ಪಡೆದ ಹರಾಜು ಸಂಸ್ಥೆಗಳಲ್ಲಿ ಅಂಥದೇ ನಾಣ್ಯ ನಿಜವಾಗಿ ಎಷ್ಟಕ್ಕೆ ಹೋಯಿತೆಂಬುದನ್ನು ನೋಡಬೇಕು. ಒಂದು ಕೋಟಿ ಎಂದು ಬರೆದಿಡಲು ಯಾರಪ್ಪನ ಗಂಟೂ ಹೋಗುವುದಿಲ್ಲ.

ಯಾರನ್ನು ಕೇಳಬೇಕು, ಕಾನೂನು ಏನು?

ಅವಳಿ ನಗರದ ನಿವಾಸಿಗಳಿಗೆ ಒಂದು ಅನುಕೂಲವಿದೆ. 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನಾ ಸಂಸ್ಥೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದು, ಅದಕ್ಕೆ ಸೇರಿದ ವಸ್ತುಸಂಗ್ರಹಾಲಯವಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಧಾರವಾಡ ವೃತ್ತದ ಕಚೇರಿಯೂ ಅದೇ ಊರಿನಲ್ಲಿದೆ. ಓದಲು ಬಯಸುವವರಿಗೆ ಎ.ವಿ. ನರಸಿಂಹಮೂರ್ತಿ ಅವರು 1975ರಲ್ಲಿ ಪ್ರಕಟಿಸಿದ ಕರ್ನಾಟಕದ ನಾಣ್ಯಗಳ ಕುರಿತ ಇಂಗ್ಲಿಷ್ ಗ್ರಂಥ ಇಂದಿಗೂ ಉಪಯುಕ್ತ. ಸಂಗ್ರಹಾಲಯದವರು ವಸ್ತುವನ್ನು ಗುರುತಿಸಲು ನೆರವಾಗಬಲ್ಲರು, ಪೇಟೆಯ ದರ ಹೇಳುವುದು ಅವರ ಕೆಲಸವಲ್ಲ. ಹೋಗುವಾಗ ಎರಡೂ ಬದಿಗಳ ಸ್ಪಷ್ಟ ಚಿತ್ರ, ಮಿಲಿಗ್ರಾಂವರೆಗಿನ ತೂಕ, ಅಗಲ, ಮನೆಗೆ ಬಂದ ಬಗೆ ಇಷ್ಟನ್ನು ಬರೆದುಕೊಂಡು ಹೋದರೆ ಎರಡೂ ಕಡೆಯವರ ಸಮಯ ಉಳಿಯುತ್ತದೆ.

ಮನೆತನದಿಂದ ಬಂದ ನಾಣ್ಯವನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ. ನೆಲದಲ್ಲಿ ಹೂತಿದ್ದು ಸಿಕ್ಕರೆ ಮಾತು ಬೇರೆ. ಪಾಯ ತೋಡುವಾಗ, ಹೊಲ ಉಳುವಾಗ ಗಡಿಗೆ ಸಿಕ್ಕರೆ ಅದು ನಿಧಿ. ರಾಜ್ಯದಲ್ಲಿ ಇದಕ್ಕಾಗಿ 1962ರ ನಿಧಿ ಕಾಯ್ದೆಯಿದ್ದು, ಜಿಲ್ಲಾಡಳಿತಕ್ಕೆ ತಿಳಿಸದೆ ಹಂಚಿಕೊಳ್ಳುವುದು ಶಿಕ್ಷಾರ್ಹ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ, ಪುರಾತನ ವಸ್ತುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ನೆನಪಿಗೆಂದು ಪುತಳಿ, ಬೆಳ್ಳಿ ರೂಪಾಯಿಗಳನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸುವವರು ಇದನ್ನು ಗಮನಿಸಬೇಕು. 1911ರ ಐದನೇ ಜಾರ್ಜ್ ರೂಪಾಯಿಯೂ ಈಗ ಆ ಗಡಿ ದಾಟಿದೆ.